ಕಪ್ಪು ಪರದೆಯ ಮುಂದೆ ಕೊಟ್ರಮ್ಮ

ನಮ್ಮೂರಲ್ಲಿ ಮನಸ್ಸು ಅರಳಿದರೆ ಮುಖ ಬೆಳಗುತ್ತದೆ. ಬೇರೆ ಊರುಗಳಲ್ಲೂ ಹೀಗೇ ಅನ್ನುತ್ತಾರಂತೆ, ಆದರೆ ಅವರದು ಬರೀ ಮಾತು. ನಮ್ಮಲ್ಲಿ ಆ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸಬಹುದು. ಹಗಲು ಹೊತ್ತು ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕತ್ತಲಿರುವ ಕಡೆ ಮಾತ್ರ ಗೊತ್ತಾಗುತ್ತದೆ, ಯಾರ ಒಳಗೆ ಏನು ನಡೀತಿದೆ ಅಂತ. ಕರೆಂಟು ಹೋದರೆ ನಮ್ಮೂರ ಹೆಂಗಸರು ಮೇಣದಬತ್ತಿ ಹುಡುಕುವುದಿಲ್ಲ, ಗಂಡನನ್ನು ಹೊಗಳುತ್ತಾರೆ. ಅಂಗಿಗೆ ಗುಂಡಿ ಹಚ್ಚುವಷ್ಟು ಹೊತ್ತು ಬೆಳಕು ಬೇಕಿದ್ದರೆ "ನಿಮ್ಮ ಅಣ್ಣಂಗಿಂತ ನಿಮಗೇ ಕೂದಲು ದಟ್ಟ ಐತೆ" ಅಂದರೆ ಸಾಕು. ಬೀಗರ ಮನೆಗೆ ಊಟಕ್ಕೆ ಹೋದವರು ಮಾತ್ರ ಕತ್ತಲಾಗುವ ಮೊದಲೇ ಎಲೆ ಎತ್ತಿ ಹೊರಟುಬಿಡುತ್ತಾರೆ. ಹೋಳಿಗೆ ಚೆನ್ನಾಗಿಲ್ಲ ಅನ್ನುವುದನ್ನು ನಾಲಿಗೆ ಮುಚ್ಚಿಡಬಹುದು, ಮುಖ ಮುಚ್ಚಿಡುವುದಿಲ್ಲ.

ಇಂಥ ಊರಲ್ಲಿ ಫೋಟೋ ತೆಗೆಯುವುದು ನನ್ನ ಕೆಲಸ. ನನ್ನ ಹೆಸರು ರೇಣವ್ವ. ಸ್ಟುಡಿಯೋ ನನ್ನ ಸೋದರತ್ತೆ ಬಿಟ್ಟುಹೋದದ್ದು: ಒಂದು ಕ್ಯಾಮೆರಾ, ಒಂದು ಸ್ಟೂಲು, ಗೋಡೆಯುದ್ದಕ್ಕೂ ಇಳಿಬಿದ್ದ ಒಂದು ಕಪ್ಪು ಪರದೆ. ಆ ಪರದೆ ಬಲ್ಬಿನ ಬೆಳಕನ್ನು ಕುಡಿದುಬಿಡುತ್ತದೆ. ಎಷ್ಟು ದೊಡ್ಡ ಬಲ್ಬು ತಂದಿಟ್ಟರೂ ಫೋಟೋದಲ್ಲಿ ಬರುವುದು ಡಾಂಬರು ಬಳಿದಂಥ ಕಪ್ಪು ಒಂದೇ. ಅದರ ಮುಂದೆ ಕೂತವರು ತಮ್ಮ ಬೆಳಕನ್ನು ತಾವೇ ತರಬೇಕು. ಅದನ್ನು ಅವರ ಮುಖದ ಮೇಲೆ ತರಿಸುವುದು ನಾನು, ಮಾತಿನಿಂದ.

ಇದರಲ್ಲೂ ಕಸುಬು ಇದೆ. ಎಡಗಿವಿಯ ಹತ್ತಿರ ಹೇಳಿದರೆ ಎಡಗೆನ್ನೆ ಮೊದಲು ಬೆಳಗುತ್ತದೆ, ಬಲಗೆನ್ನೆ ನೆರಳಲ್ಲಿ ಉಳಿಯುತ್ತದೆ, ಮೂಗು ಎದ್ದು ನಿಲ್ಲುತ್ತದೆ. ಎದುರಿಗೆ ನಿಂತು ಹೇಳಿದರೆ ಎರಡೂ ಕೆನ್ನೆ ಒಟ್ಟಿಗೆ ಹತ್ತಿಕೊಂಡು ಮುಖ ಕಾವಲಿಯ ಮೇಲಿನ ದೋಸೆಯ ಹಾಗೆ ಚಪ್ಪಟೆಯಾಗುತ್ತದೆ. ಕೂದಲು ಕಪ್ಪಾಗಿರುವವರ ಬೆನ್ನ ಹಿಂದೆ ಹೋಗಿ ಮೆಲ್ಲಗೆ ಇನ್ನೊಂದು ಮಾತು ಆಡಬೇಕು. ಆಗ ತಲೆಯ ಅಂಚಿಗೆ ಒಂದು ಗೆರೆ ಬೆಳಕು ಮೂಡುತ್ತದೆ. ಇಲ್ಲದಿದ್ದರೆ ಕೂದಲು ಪರದೆಯೊಳಗೆ ಸೇರಿಹೋಗಿ, ಬರೀ ಮುಖ ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತದೆ. ಯಾರಿಗೆ ಯಾವ ಮಾತು ಅನ್ನುವುದು ನನಗೆ ಗೊತ್ತು. ಮದುಮಕ್ಕಳಿಗೆ ಒಬ್ಬರ ಹೆಸರು ಒಬ್ಬರಿಗೆ ಹೇಳಿದರೆ ಆಗುತ್ತದೆ ಅಂದುಕೊಂಡಿದ್ದೀರಾ? ಒಮ್ಮೊಮ್ಮೆ ಆಗುತ್ತದೆ. ಉಳಿದದ್ದನ್ನು ನಾನು ಹೇಳುವ ಹಾಗಿಲ್ಲ. ಪರದೆ ಮುಂದೆ ಯಾರು ಯಾತಕ್ಕೆ ಬೆಳಗಿದರು ಅನ್ನುವುದನ್ನು ಫೋಟೋದವಳು ಬಾಯಿಬಿಡಬಾರದು. ಅತ್ತೆ ನನ್ನ ಕೈಲಿ ಕೀಲಿಕೈ ಕೊಡುವಾಗ ಹಾಕಿಸಿಕೊಂಡ ಆಣೆ ಅದೊಂದೇ.

ನಮ್ಮೂರ ನಡುವೆ ಒಂದು ನ್ಯಾಯದ ಕಟ್ಟೆ ಇದೆ. ಅದರ ಮೇಲೆ ಯಜಮಾನಿಕೆಗೆ ಕೂರುವವರ ಫೋಟೋ ಹಿಂದಿನ ಗೋಡೆಗೆ ತೂಗಬೇಕು, ಅದೂ ಬೆಳಗಿದ ಫೋಟೋ. ಒಳಗೆ ಬೆಳಕಿಲ್ಲದವರು ಇನ್ನೊಬ್ಬರ ಜಗಳದಲ್ಲಿ ಏನು ಕಂಡಾರು ಅನ್ನುವುದು ಊರಿನ ಲೆಕ್ಕಾಚಾರ. ಹಳೆಯ ಯಜಮಾನರು ಮಂಡಿನೋವು ತಾಳಲಾರದೆ ಕಟ್ಟೆ ಇಳಿದಾಗ ಇಬ್ಬರ ಹೆಸರು ಬಂತು. ಒಬ್ಬರು ಜವಳಿ ಅಂಗಡಿಯ ವಿರೂಪಣ್ಣ. ಇನ್ನೊಬ್ಬರು ಗಾಣದ ಕೊಟ್ರಮ್ಮ.

ವಿರೂಪಣ್ಣ ಕೆಟ್ಟವರಲ್ಲ. ಅವರ ಮುಖಕ್ಕೆ ಮಾತ್ರ ತಡೆಯೆಂಬುದಿಲ್ಲ. "ಊಟ ಆಯ್ತಾ ಅಣ್ಣ?" ಅಂದರೂ ಬೆಳಗುತ್ತದೆ, ಪಕ್ಕದ ಮನೆಯಲ್ಲಿ ಒಗ್ಗರಣೆ ಸಿಡಿದರೂ ಬೆಳಗುತ್ತದೆ. ಅವರ ಫೋಟೋ ತೆಗೆಯಲು ನಾನು ಬಾಯಿ ತೆರೆಯಬೇಕಾಗಿಯೇ ಇರಲಿಲ್ಲ, ಸ್ಟೂಲಿನ ಮೇಲೆ ಮೆತ್ತೆ ಹಾಕಿದ್ದಕ್ಕೇ ಹೊಳೆದುಬಿಟ್ಟರು. ಆದರೆ ಊರ ಹಿಂದಿನ ಬಯಲಿನ ಮೇಲೆ ಅವರ ಕಣ್ಣಿತ್ತು. ಊರಿನ ಹೆಂಗಸರೆಲ್ಲ ಹಪ್ಪಳ, ಸಂಡಿಗೆ, ಒಣಮೆಣಸಿನಕಾಯಿ ಒಣಗಿಸುವ ಬಯಲು ಅದು. ಅಲ್ಲಿ ಒಂದು ಗೋದಾಮು ಎಬ್ಬಿಸಬೇಕು ಅಂತ ಅವರ ಆಸೆ. ಕಟ್ಟೆಯ ಮೇಲೆ ಕೂತರೆ ತಮಗೆ ತಾವೇ ಬಯಲನ್ನು ಬರೆದುಕೊಟ್ಟುಕೊಂಡು ಅದಕ್ಕೂ ಒಮ್ಮೆ ಬೆಳಗುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ನನ್ನ ಸಂಡಿಗೆಯೂ ಅಲ್ಲೇ ಒಣಗಬೇಕು. ಹಾಗಾಗಿ ನನಗೆ ಕೊಟ್ರಮ್ಮನವರೇ ಬೇಕಿತ್ತು.

ಕೊಟ್ರಮ್ಮನವರು ಎಣ್ಣೆ ಅಳೆಯುವುದನ್ನು ನೋಡಬೇಕು. ಅಳತೆಯ ಪಾತ್ರೆಯನ್ನು ಗಿರಾಕಿಯ ಚೊಂಬಿನ ಮೇಲೆ ಬೋರಲು ಹಿಡಿದು, ಕೊನೆಯ ಹನಿ ಬೀಳುವವರೆಗೆ ಕದಲದೆ ನಿಲ್ಲುತ್ತಿದ್ದರು. ಹಿಂದೆ ಜನ ಸಾಲುಗಟ್ಟಿ ಗೊಣಗುತ್ತಿದ್ದರೂ ಹನಿ ಬಿದ್ದ ಮೇಲೇ ಕೈ ಇಳಿಸುವುದು. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವಾಗ ಗೋಡೆ ಎಲ್ಲಿ ಹಾಕಬೇಕು ಅಂತ ಅವರನ್ನೇ ಕೇಳಿಕೊಂಡು ಹೋಗುತ್ತಿದ್ದರು. ಅವರಿಗೆ ಒಂದೇ ಕೊರತೆ. ಅವರ ಮುಖ ಬೆಳಗಿದ್ದನ್ನು ಊರಲ್ಲಿ ಯಾರೂ ನೋಡಿರಲಿಲ್ಲ.

ಮೊದಲ ಸಲ ಸ್ಟುಡಿಯೋಕ್ಕೆ ಬಂದು ಸ್ಟೂಲಿನ ಮೇಲೆ ಕೂತರು, ಗಾಣದ ಕಲ್ಲು ತಂದಿಟ್ಟ ಹಾಗೆ. ನಾನು ಕಿಟಕಿ ಮುಚ್ಚಿದೆ. ಕತ್ತಲಾಯಿತು.

"ಅಮ್ಮ," ಎಡಗಿವಿಯ ಹತ್ತಿರ ಬಗ್ಗಿದೆ, "ನಿಮ್ಮಂಥ ನ್ಯಾಯವಂತರು ಸುತ್ತ ಹತ್ತೂರಲ್ಲಿ ಇಲ್ಲ ಅಂತಾರೆ ಜನ."

"ಹತ್ತೂರಲ್ಲಿ ಯಾರು ಹುಡುಕಿಕೊಂಡು ಹೋಗಿದ್ರು? ಸುಳ್ಳು."

"ಮೊಮ್ಮಗ ಹೆಜ್ಜೆ ಇಟ್ಟನಂತಲ್ಲ?"

ಕಿವಿಯ ಹಿಂದೆ ಮಿಣುಕು ಹುಳದಷ್ಟು ಏನೋ ಮಿಂಚಿತು. ನಾನು ಕ್ಯಾಮೆರಾಕ್ಕೆ ಓಡಿದೆ. "ಕಾಲಿದ್ದೋರೆಲ್ಲ ಹೆಜ್ಜೆ ಇಡ್ತಾರೆ ಬಿಡು," ಅಂದರು, ಆರಿಹೋಯಿತು. ತೀರಿಹೋದ ಗಂಡನ ಹೆಸರೆತ್ತಿದೆ. ಪರದೆಗಿಂತ ಕಪ್ಪಾದರು. ಗಾಬರಿಯಾಗಿ ಮಾತು ಬದಲಿಸಿ, ವಿರೂಪಣ್ಣನ ಅಂಗಡಿಯಲ್ಲಿ ರೇಷ್ಮೆ ಸೀರೆಯ ಕಟ್ಟಿಗೆ ಇಲಿ ಬಿದ್ದದ್ದನ್ನು ಬಣ್ಣ ಕಟ್ಟಿ ಹೇಳಿದೆ. ಎದುರಾಳಿಯ ನಷ್ಟಕ್ಕೆ ಬೆಳಗದ ಮುಖ ನಾನು ಅದುವರೆಗೆ ಕಂಡಿರಲಿಲ್ಲ. "ಅಯ್ಯೋ ಪಾಪ," ಅಂದರು ಕೊಟ್ರಮ್ಮ, ನಿಜವಾಗಿಯೂ. ಬೆಲ್ಲ ಬಾಯಿಗಿಟ್ಟೆ, ಮಲ್ಲಿಗೆ ಮೂಗಿಗೆ ಹಿಡಿದೆ, ಅತ್ತೆ ಕಲಿಸಿದ ಪೋಲಿ ಒಗಟುಗಳನ್ನೂ ಒಂದೊಂದಾಗಿ ಬಿಟ್ಟೆ. ಕೊನೆಗೆ ಅವರೇ, "ರೇಣಿ, ನಿನ್ನ ಗಂಟಲು ಒಣಗಿತು, ನೀರು ಕುಡಿ," ಅಂತ ಎದ್ದು ಹೋದರು. ಫೋಟೋ ತೊಳೆದು ನೋಡಿದರೆ ಪೂರಾ ಕಪ್ಪು. ಯಾವ ಕಡೆ ಮೇಲೆ, ಯಾವ ಕಡೆ ಕೆಳಗೆ ಅಂತಲೂ ತಿಳಿಯುವಂತಿರಲಿಲ್ಲ.

ನಾನು ಯಾರಿಗೂ ಹೇಳಲಿಲ್ಲ. ಆದರೆ ಸ್ಟುಡಿಯೋದಿಂದ ಬರಿಗೈಲಿ ಹೋದವರನ್ನು ಊರು ನೋಡಿತ್ತು. ಸಂಜೆಯ ಹೊತ್ತಿಗೆ ವಿರೂಪಣ್ಣ ಅಂಗಡಿಯ ಮೆಟ್ಟಿಲ ಮೇಲೆ ಕೂತು, "ಊರಿಗೆಲ್ಲ ಎಣ್ಣೆ ಮಾರ್ತಾರೆ, ಒಳಗಿನ ದೀಪಕ್ಕೆ ಮಾತ್ರ ಹನಿ ಇಲ್ಲ ನೋಡ್ರಿ," ಅಂತ ನಗುತ್ತಿದ್ದರು. ಕಟ್ಟೆಯ ಹಿರಿಯರಾದ ರಾಚಯ್ಯನವರು ನನ್ನನ್ನು ಕರೆಸಿದರು. "ಇನ್ನೊಂದು ಸಲ ಆಗಲಿ ರೇಣವ್ವ. ಈ ಸಲ ನಾವೆಲ್ಲ ಎದುರಿಗೇ ಕೂರ್ತೀವಿ. ಬರೋ ಸಂತೆಯ ದಿನ. ಆವತ್ತೂ ಬೆಳಗದಿದ್ದರೆ ವಿರೂಪಣ್ಣನ ಫೋಟೋನೇ ಗೋಡೆಗೆ ಹಾಕೋದು."

ಮರುದಿನ ಮಧ್ಯಾಹ್ನ ಕೊಟ್ರಮ್ಮನವರ ಮನೆಗೆ ಹೋದೆ. ಅವರ ಮನಸ್ಸಿನಲ್ಲಿ ಏನಾದರೂ ಒಂದು ಇಷ್ಟ ಇದ್ದೇ ಇರಬೇಕು, ಕೇಳಿಯೇ ಬಿಡೋಣ ಅಂತ. ಗಾಣ ನಿಂತಿತ್ತು. ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ನಡುಮನೆಗೆ ಕಿಟಕಿಯಿಲ್ಲ, ಹಗಲಲ್ಲೂ ಕತ್ತಲೆ. ಅದರ ಬಾಗಿಲ ಸಂದಿಯಿಂದ ಬೆಳಕು ಹೊರಗೆ ಸುರಿಯುತ್ತಿತ್ತು. ಹಗಲಲ್ಲಿ ಇಷ್ಟು ದೊಡ್ಡ ದೀಪ ಯಾಕೆ ಹಚ್ಚಿದ್ದಾರೆ ಅಂದುಕೊಂಡು ಇಣುಕಿದೆ.

ದೀಪವಿರಲಿಲ್ಲ. ಕೊಟ್ರಮ್ಮ ಮತ್ತು ಅವರ ಓರಗಿತ್ತಿ ಹಾಲಮ್ಮ ಎದುರುಬದುರಾಗಿ ಕೂತು ಚೌಕಾಬಾರ ಆಡುತ್ತಿದ್ದರು. ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದ ಮನೆಗಳು, ಹುಣಸೆಬೀಜದ ಕಾಯಿಗಳು. ಹಾಲಮ್ಮ ಚೆಲ್ಲಿದ ಕವಡೆಗಳನ್ನು ಕೂಡಿಸಲು ಬಗ್ಗಿದರು. ಅಷ್ಟರಲ್ಲಿ ಕೊಟ್ರಮ್ಮನವರ ಕಿರುಬೆರಳು ಸೆರಗಿನ ಕೆಳಗಿಂದ ಹೊರಬಂದು, ತಮ್ಮ ಕಾಯನ್ನು ಒಂದು ಮನೆ ಮುಂದಕ್ಕೆ ಸರಿಸಿ, ಏನೂ ಆಗಿಲ್ಲವೆಂಬಂತೆ ಒಳಗೆ ಹೋಯಿತು. ಆ ಹೊತ್ತಿಗೆ ಅವರ ಮುಖ! ಗಲ್ಲದಿಂದ ಬೈತಲೆಯವರೆಗೆ ಹಾಲು ಉಕ್ಕಿದ ಹಾಗೆ ಬೆಳಕು ಉಕ್ಕಿತು. ಎಣ್ಣೆಯ ಕೊನೆಯ ಹನಿಗೆ ಕಾಯುವ ಅದೇ ಕೊಟ್ರಮ್ಮ.

ನನ್ನ ಬಳೆ ಬಾಗಿಲಿಗೆ ತಾಗಿ ಸದ್ದಾಯಿತು. ಮನೆ ಗಪ್ಪನೆ ಕತ್ತಲಾಯಿತು.

"ಯಾರದು?" ಕೊಟ್ರಮ್ಮನವರ ದನಿ.

"ನಾನಮ್ಮ, ರೇಣಿ."

"ಏನು ನೋಡಿದೆ?"

"ಈಗ ಬಂದೆ. ಕತ್ತಲೆ. ಏನೂ ಕಾಣ್ತಿಲ್ಲ."

ಅವರು ಎದ್ದು ಹಿತ್ತಲಿಗೆ ಹೋದರು. ಹಾಲಮ್ಮ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದರು. ಕೈಯಲ್ಲಿ ಅಕ್ಕಿಯ ಮೊರ ಇತ್ತು. "ಈ ಮನೆಗೆ ಸೊಸೆಯಾಗಿ ಬಂದಾಗಿಂದ ಕದೀತಾಳೆ," ಅಂದರು ಮೆಲ್ಲಗೆ. "ನನಗೆ ಗೊತ್ತಿಲ್ಲ ಅಂದುಕೊಂಡವಳೆ. ನಾನೇ ಕವಡೆನ ದೂರ ದೂರಕ್ಕೆ ಚೆಲ್ತೀನಿ, ಕೂಡ್ಸೋಕೆ ಹೊತ್ತು ಹಿಡೀಲಿ ಅಂತ. ಅವಳು ಕದಿಯೋ ಬೆಳಕಲ್ಲಿ ನಾನು ಕಲ್ಲು ಆರಿಸ್ಕೋತೀನಿ. ಸೋತರೆ ನನ್ನ ಗಂಟೇನು ಹೋಗ್ತದೆ?"

ಆ ಸಂಜೆ ಕೊಟ್ರಮ್ಮ ತಾವಾಗಿ ಸ್ಟುಡಿಯೋಕ್ಕೆ ಬಂದರು. ಕೂರಲಿಲ್ಲ. "ನಾನು ಹಿಂದೆ ಸರೀತೀನಿ ಅಂತ ರಾಚಯ್ಯನೋರಿಗೆ ಹೇಳಿಬಿಡು," ಅಂದರು. "ಆಟದಲ್ಲಿ ಕದಿಯೋಳು ಕಟ್ಟೆ ಮೇಲೆ ಕೂರಬಾರದು."

"ಅದು ಆಟ ಅಲ್ವಾ ಅಮ್ಮ. ಎಣ್ಣೇಲಿ ಕದ್ದಿದ್ದೀರಾ? ಮಾತಲ್ಲಿ?"

"ಎಣ್ಣೇಲಿ ಕದಿಯೋಕೆ ನನಗೆ ಯಾವತ್ತೂ ಅನಿಸಿಲ್ಲ. ಆದರೆ ಆ ಮನೆ ಬರೆದು ಕೂತ ಕೂಡಲೇ ನನ್ನ ಬೆರಳು ನನ್ನ ಮಾತು ಕೇಳಲ್ಲ. ಎಷ್ಟು ಸಲ ಇನ್ಮೇಲೆ ಬೇಡ ಅಂದುಕೊಂಡಿದ್ದೀನಿ. ನಾಚಿಕೆ ಆಗ್ತದೆ ಕಣೇ." ಅಷ್ಟು ಗಟ್ಟಿ ಹೆಂಗಸು ಒಂದು ಹುಣಸೆಬೀಜಕ್ಕಾಗಿ ಹೀಗೆ ಕುಗ್ಗಿದ್ದು ನೋಡಿ ನನಗೆ ನಗು ಬರಬೇಕಾದಲ್ಲಿ ಕಣ್ಣಲ್ಲಿ ನೀರು ಬಂತು.

"ಬಯಲು ಹೋಗ್ತದೆ ಅಮ್ಮ. ಗೋದಾಮು ಎದ್ದ ಮೇಲೆ ಊರ ಹೆಂಗಸರು ಹಪ್ಪಳ ಎಲ್ಲಿ ಒಣಗಿಸಬೇಕು, ವಿರೂಪಣ್ಣನ ತಲೆ ಮೇಲಾ? ಒಂದು ಸಲ, ಪರದೆ ಮುಂದೆ ಮನೆ ಬರೀತೀನಿ. ಹಾಲಮ್ಮನ ಜೊತೆ ಒಂದಾಟ ಆಡಿ. ಅಷ್ಟೇ."

"ಹುಚ್ಚಿ! ರಾಚಯ್ಯನೋರು ಕೂತಿರ್ತಾರೆ, ಊರಿಗೆ ಊರೇ ಕೂತಿರ್ತದೆ. ಅಷ್ಟು ಜನರ ಕಣ್ಣೆದುರಿಗೆ ಕದಿ ಅಂತೀಯಾ?"

ಹೊತ್ತು ಮುಳುಗುತ್ತಿತ್ತು. ಸ್ಟುಡಿಯೋದೊಳಗೆ ಕತ್ತಲೆ ಕವಿದಿತ್ತು. "ಅಷ್ಟು ಜನರ ಕಣ್ಣೆದುರಿಗೆ" ಅನ್ನುವ ಮಾತು ಬಾಯಿಂದ ಬಂದದ್ದಷ್ಟೇ. ಅವರ ಎಡಗಿವಿಯ ಓಲೆಯ ಸುತ್ತ ಮೆಲ್ಲಗೆ, ಬೇಡ ಬೇಡ ಅನ್ನುತ್ತಲೇ, ಹೊಂಬಣ್ಣ ಏರತೊಡಗಿತು. ನಾನು ನೋಡಿದ್ದನ್ನು ನೋಡಿ ಅವರು ಸೆರಗು ತಲೆಯ ಮೇಲೆ ಎಳೆದುಕೊಂಡು ದಡದಡ ಹೊರಟುಹೋದರು. ಹಿಂದೆ ಸರಿಯುವ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ.

ಸಂತೆಯ ದಿನ ಸ್ಟುಡಿಯೋದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಒಂದು ಹಲಗೆಯ ಮೇಲೆ ಮನೆ ಬರೆದು, ಅದನ್ನು ಎದೆಯೆತ್ತರಕ್ಕೆ ಎಡಗಡೆ ಇಟ್ಟಿದ್ದೆ. ನೆಲದ ಮೇಲೆ ಇಟ್ಟರೆ ಬೆಳಕು ಕೆಳಗಿಂದ ಏರಿ, ಯಜಮಾನಿಯ ಬದಲು ದೆವ್ವ ಬಂದು ಕೂತ ಹಾಗೆ ಕಾಣುತ್ತದೆ. "ಅಮ್ಮನೋರಿಗೆ ಚೌಕಾಬಾರ ಅಂದ್ರೆ ಇಷ್ಟ," ಅಂತಷ್ಟೇ ಹಿರಿಯರಿಗೆ ಹೇಳಿದೆ. ಅದು ಸುಳ್ಳೇನಲ್ಲ. ಹಾಲಮ್ಮ ಎದುರಿಗೆ ಬಂದು ಕೂರುವಷ್ಟರಲ್ಲಿ ವಿರೂಪಣ್ಣ ಎದ್ದು ನಿಂತರು.

"ಒಂದೇ ಮನೆಯೋರು ಆಡಿದ್ರೆ ಆಟ ಹೇಗಾಗ್ತದೆ? ಒಳಗೊಳಗೇ ಮಾತಾಡಿಕೊಂಡಿರಬಹುದು. ನಾನು ಕೂರ್ತೀನಿ. ಚೌಕಾಬಾರದಲ್ಲಿ ನನ್ನ ಸೋಲಿಸಿದೋರು ಇನ್ನೂ ಹುಟ್ಟಿಲ್ಲ."

ಹಾಲಮ್ಮನಾದರೆ ಕವಡೆ ಚೆಲ್ಲಿ ಆಚೆ ನೋಡುತ್ತಿದ್ದರು. ವಿರೂಪಣ್ಣ ಬಟ್ಟೆ ಅಳೆಯುವವರು, ಅವರ ಕಣ್ಣಿಗೆ ನೂಲಿನ ಎಳೆಯೂ ತಪ್ಪುವುದಿಲ್ಲ. ಬೇಡ ಅನ್ನಿ ಅಂತ ಕೊಟ್ರಮ್ಮನವರ ಕಡೆ ಕಣ್ಣು ಮಿಟುಕಿಸಿದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಕಿಟಕಿ ಇನ್ನೂ ಅರ್ಧ ಮುಚ್ಚಿತ್ತು, ಅಷ್ಟರಲ್ಲೇ ಅವರ ಕೆನ್ನೆ ಮಿನುಗುತ್ತಿತ್ತು.

"ನೋಡಿ, ನೋಡಿ," ರಾಚಯ್ಯನವರು ಪಕ್ಕದವರಿಗೆ ಪಿಸುಗುಟ್ಟಿದರು, "ಎದುರಾಳಿ ಬಂದು ಕೂತರೂ ಸಂತೋಷಪಡೋ ಮನಸ್ಸು. ಎಂಥ ದೊಡ್ಡ ಗುಣ."

ಕಿಟಕಿ ಪೂರಾ ಮುಚ್ಚಿದೆ. ಕ್ಯಾಮೆರಾದ ಹಿಂದೆ ನಿಂತೆ. ವಿರೂಪಣ್ಣ ಕೆಂಪು ಬಳೆಚೂರು ಇಟ್ಟುಕೊಂಡಿದ್ದರು, ಕೊಟ್ರಮ್ಮ ಹುಣಸೆಬೀಜ. ವಿರೂಪಣ್ಣನಿಗೆ ಮೊದಲ ಕೈಯಲ್ಲೇ ದೊಡ್ಡ ಗರ ಬಿತ್ತು. ಅವರ ಮುಖ ಝಗ್ಗೆಂದಿತು. ಆ ಬೆಳಕಲ್ಲಿ ಹಲಗೆ ಸ್ಪಷ್ಟವಾಗಿ ಕಾಣುತ್ತಿತ್ತು, ಕದಿಯಲು ಎಡೆಯೇ ಇರಲಿಲ್ಲ. ಮತ್ತೆ ಅವರಿಗೇ ಗರ ಬಿತ್ತು. ಮೂರು ಕಾಯಿ ಹಣ್ಣಾಗಿ ಹಲಗೆಯ ನಡುವಿನ ಮನೆ ಸೇರಿದವು. ಉಳಿದದ್ದು ಒಂದೇ ಬಳೆಚೂರು, ಅದೂ ಹಣ್ಣಿನ ಮನೆಯ ಹೊಸ್ತಿಲಲ್ಲಿ. ಕೊಟ್ರಮ್ಮನವರ ಹುಣಸೆಬೀಜ ಎಷ್ಟೋ ಹಿಂದೆ ಕುಂಟುತ್ತಿತ್ತು. ಅವರ ಮುಖ ತಣ್ಣಗಾಗುತ್ತಾ ಬಂತು. ನಾನು ಮನಸ್ಸಿನಲ್ಲೇ ನನ್ನ ಸಂಡಿಗೆಗೆ ಕೈಮುಗಿದೆ.

ವಿರೂಪಣ್ಣನಿಗೆ ಗೆಲುವು ಕೈಗೆ ಬಂದ ಹಾಗಾಯಿತು. ಗೆದ್ದ ಮುಖವನ್ನು ಜನ ನೋಡಬೇಕಲ್ಲ. ಅವರು ಕುತ್ತಿಗೆ ತಿರುಗಿಸಿ ಹಿರಿಯರ ಕಡೆ ಮುಖ ಮಾಡಿ ನಕ್ಕರು. ಅವರ ಬೆಳಕೂ ಅವರ ಜೊತೆ ಅತ್ತ ತಿರುಗಿತು. ಹಲಗೆ ಕತ್ತಲಲ್ಲಿ ಮುಳುಗಿತು.

ಆಗ ಕೊಟ್ರಮ್ಮನವರ ಮುಖ ಬೆಳಗಿತು. ಎಡಗೆನ್ನೆ ಮೊದಲು, ಆಮೇಲೆ ಹುಬ್ಬು, ಆಮೇಲೆ ತುರುಬಿನ ಅಂಚಿಗೆ ನಾನು ಕೇಳದೆಯೇ ಒಂದು ಬೆಳ್ಳಿಯ ಗೆರೆ. ಕಣ್ಣು ಅರ್ಧ ಕೆಳಗೆ, ತುಟಿಯ ಒಂದು ಮೂಲೆ ಮಾತ್ರ ಮೇಲಕ್ಕೆ. ಇಡೀ ಸ್ಟುಡಿಯೋ "ಆಹಾ" ಅಂದಿತು. ರಾಚಯ್ಯನವರು ಕೈ ಜೋಡಿಸಿದರು. ಎಲ್ಲರ ಕಣ್ಣು ಆ ಮುಖದ ಮೇಲೆ. ಕೈಯ ಕಡೆ ನೋಡಿದವರು ಒಬ್ಬರೂ ಇಲ್ಲ. ನಾನು ಗುಂಡಿ ಒತ್ತಿದೆ.

ವಿರೂಪಣ್ಣ ತಿರುಗುವಷ್ಟರಲ್ಲಿ ಕೊಟ್ರಮ್ಮ ಕವಡೆ ಚೆಲ್ಲಿ, ಬಿದ್ದ ಗರಕ್ಕೆ ಸರಿಯಾಗಿ ಕಾಯಿ ನಡೆಸಿ, ಅವರ ಬಳೆಚೂರನ್ನು ಹೊಡೆದು ಹೊರಗಿಟ್ಟಿದ್ದರು. ಆಮೇಲೆ ಆಟ ಕೊಟ್ರಮ್ಮನವರ ಕೈಯಲ್ಲೇ ಉಳಿಯಿತು. ಕಿಟಕಿ ತೆರೆದಾಗ ವಿರೂಪಣ್ಣ ಹಲಗೆಯನ್ನೇ ನೋಡುತ್ತಿದ್ದರು.

"ಆ ಹುಣಸೆಬೀಜ ಎರಡು ಮನೆ ಹಿಂದಿತ್ತು! ನಾನು ನೋಡಿದ್ದೀನಿ!"

"ಸೋತೋರೆಲ್ಲ ಹಾಗೇ ಅನ್ನೋದು ವಿರೂಪಣ್ಣ," ರಾಚಯ್ಯನವರು ಎದ್ದರು. "ಆ ಮುಖ ನೋಡಿದ ಮೇಲೂ ಇಂಥ ಮಾತಾಡೋಕೆ ನಿನಗೆ ಬಾಯಿ ಹೇಗೆ ಬಂತು?"

ಫೋಟೋ ಚೆನ್ನಾಗಿ ಬಂದಿತ್ತು, ನಾನೇ ಹೇಳಬಾರದು. ಕಟ್ಟೆಯ ಗೋಡೆಗೆ ಹಾಕಿದ ದಿನ ಜನ ಬಂದು ಬಂದು ನೋಡಿದರು. ಕರುಣೆಯ ಮುಖ ಅಂದರು ಕೆಲವರು. ಬಸುರಿ ಹೆಂಗಸರನ್ನು ಕರೆತಂದು ತೋರಿಸಿದವರೂ ಇದ್ದಾರೆ. ಕೊಟ್ರಮ್ಮ ಮಾತ್ರ ಆ ಕಡೆ ಕಣ್ಣೆತ್ತದೆ, ಫೋಟೋಕ್ಕೆ ಬೆನ್ನು ಹಾಕಿ ಕೂತುಬಿಟ್ಟರು.

ಮೊದಲ ದೂರು ತಂದವರು ವಿರೂಪಣ್ಣ.

"ನನ್ನ ಕಾಯನ್ನ ಅನ್ಯಾಯವಾಗಿ ಹೊಡೆದಿದ್ದಾರೆ," ಅಂದರು. "ಹೊಡೆದೋರು ಈ ಊರಿನ ಗಾಣದ ಕೊಟ್ರಮ್ಮ."

ಜನ ಗೊಳ್ಳೆಂದು ನಕ್ಕರು. ರಾಚಯ್ಯನವರು ಎದ್ದು, "ಇದನ್ನೆಲ್ಲ ಇಲ್ಲಿ ತರಬೇಡ, ಮನೆಗೆ ಹೋಗು," ಅಂತ ಗದರಿದರು. ಕೊಟ್ರಮ್ಮ ಕೈಯೆತ್ತಿ ತಡೆದರು. "ಕಟ್ಟೆಗೆ ಬಂದ ದೂರು ಕಟ್ಟೆಯಲ್ಲೇ ತೀರಬೇಕು. ಸಾಕ್ಷಿ ಯಾರಿದ್ದಾರೆ ವಿರೂಪಣ್ಣ?"

"ರೇಣವ್ವ. ಕ್ಯಾಮೆರಾದ ಹಿಂದೆ ಇದ್ದೋಳು ಅವಳೇ."

ನಾನು ಮುಂದೆ ಬಂದೆ. "ಪರದೆ ಮುಂದೆ ಕಂಡಿದ್ದನ್ನ ನಾನು ಹೇಳೋ ಹಾಗಿಲ್ಲ. ಅತ್ತೆಗೆ ಆಣೆ ಇಟ್ಟಿದ್ದೀನಿ."

"ಸರಿ. ಆಣೆ ಮುರಿಸಬಾರದು. ಇನ್ಯಾರು?"

ಹಾಲಮ್ಮನನ್ನು ಕರೆದರು. "ನಾನು ಮುಖ ನೋಡ್ತಿದ್ದೆ," ಅಂದರು ಅವರು. ರಾಚಯ್ಯನವರನ್ನು ಕೇಳಿದರು. ಅವರೂ ಮುಖ ನೋಡುತ್ತಿದ್ದರು. ಊರಿಗೆ ಊರೇ ಮುಖ ನೋಡುತ್ತಿತ್ತು. ವಿರೂಪಣ್ಣ ಒಬ್ಬೊಬ್ಬರ ಕಡೆಯೂ ತಿರುಗಿ ತಿರುಗಿ ನೋಡಿ, ಕೊನೆಗೆ ತಲೆ ಕೆಳಗೆ ಹಾಕಿದರು. ಏನು ಹೇಳಿದರೂ ಹೊಳೆಯುವ ಮನುಷ್ಯ ಅಷ್ಟು ಮಂಕಾಗಿ ನಿಂತದ್ದನ್ನು ನಾನು ಅವತ್ತೇ ನೋಡಿದ್ದು. ಸಾಕ್ಷಿಯಿಲ್ಲ, ದೂರು ಬಿತ್ತು ಅಂತ ಜನ ಎದ್ದು ಪಂಚೆ ಕೊಡವಿಕೊಳ್ಳತೊಡಗಿದರು. ನಾನೂ ಉಸಿರು ಬಿಟ್ಟೆ.

"ಕೂತ್ಕೊಳ್ಳಿ," ಅಂದರು ಕೊಟ್ರಮ್ಮ. "ಇನ್ನೊಬ್ಬರು ಉಳಿದಿದ್ದಾರೆ. ಕೊಟ್ರಮ್ಮನ್ನ ಕರೀರಿ."

ಯಾರಿಗೂ ಅರ್ಥವಾಗಲಿಲ್ಲ. ಅವರೇ ಸೆರಗು ಸರಿಮಾಡಿಕೊಂಡು ಎದ್ದರು, ಮೆಟ್ಟಿಲು ಇಳಿದು ಬಂದು ಸಾಕ್ಷಿಯವರು ನಿಲ್ಲುವ ಕಲ್ಲಿನ ಮೇಲೆ ನಿಂತರು. ನಿಂತ ಮೇಲೆ ಪ್ರಶ್ನೆ ಕೇಳುವವರಿಲ್ಲ ಅನ್ನುವುದು ನೆನಪಾಯಿತು. ಮತ್ತೆ ಮೆಟ್ಟಿಲು ಹತ್ತಿ, ಕೂತು, ಗಟ್ಟಿಯಾಗಿ ಕೇಳಿದರು: "ಕೊಟ್ರಮ್ಮ, ವಿರೂಪಣ್ಣ ಆಚೆ ತಿರುಗಿದಾಗ ನಿನ್ನ ಕಾಯನ್ನ ಎರಡು ಮನೆ ಸರಿಸಿದೆಯಾ?" ಮತ್ತೆ ಇಳಿದರು. ಏದುಸಿರು ಬರುತ್ತಿತ್ತು. ಕಲ್ಲಿನ ಮೇಲೆ ನಿಂತು, ಕಟ್ಟೆಯ ಖಾಲಿ ಜಾಗದ ಕಡೆ ನೋಡುತ್ತಾ ಹೇಳಿದರು:

"ಎರಡಲ್ಲ. ಮೂರು."

ಕೊಟ್ರಮ್ಮ ಕಟ್ಟೆ ಹತ್ತಿ ಕೂತರು. "ದೂರು ನಿಜ. ಕೊಟ್ರಮ್ಮನ ಗೆಲುವು ಗೆಲುವಲ್ಲ. ಪ್ರತಿ ಸಂತೆಯ ದಿನ ಸಂಜೆ ವಿರೂಪಣ್ಣನ ಜೊತೆ ಆಡಬೇಕು, ಅವರು ಒಂದಾಟ ಗೆಲ್ಲೋವರೆಗೂ. ಇನ್ನು ಗೋಡೆ ಮೇಲಿನ ಫೋಟೋ. ಅದು ಕರುಣೆನೂ ಅಲ್ಲ, ಏನೂ ಅಲ್ಲ. ಕದಿಯೋವಾಗ ನನ್ನ ಮುಖ ಹಾಗಾಗ್ತದೆ. ಬೇರೆ ಯಾತಕ್ಕೂ ಆಗಲ್ಲ. ಬೇಡ ಅನ್ನೋರು ತೆಗೆದುಹಾಕಿ, ನಾನು ಇಳೀತೀನಿ."

ಜನ ತಲೆಯೆತ್ತಿ ಫೋಟೋ ನೋಡಿದರು. ಈಗ ಅವರಿಗೂ ಕಂಡಿತು: ಆ ಅರೆಮುಚ್ಚಿದ ಕಣ್ಣು, ಆ ತುಟಿಯ ಮೂಲೆ. ಹಿಂದಿನ ಸಾಲಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗು ಸಾಲಿಂದ ಸಾಲಿಗೆ ಹತ್ತಿಕೊಂಡು ಬಂದು ರಾಚಯ್ಯನವರನ್ನೂ ಹಿಡಿಯಿತು. ಅವರು ಕಣ್ಣೊರೆಸಿಕೊಳ್ಳುತ್ತಾ ವಿರೂಪಣ್ಣನ ಕಡೆ ತಿರುಗಿದರು. "ಏನಪ್ಪಾ, ತೆಗೆಸೋಣವಾ? ತನ್ನ ಮೇಲೆ ತಾನೇ ತೀರ್ಪು ಕೊಟ್ಟೋರನ್ನ ಇಳಿಸಿ ಯಾರನ್ನ ಕೂರಿಸೋದು, ನೀನೇ ಹೇಳು."

ವಿರೂಪಣ್ಣ ಬಹಳ ಹೊತ್ತು ಫೋಟೋ ನೋಡಿದರು. "ಇರ್ಲಿ ಬಿಡ್ರಿ," ಅಂದರು. ಬಯಲಿನ ಮಾತನ್ನು ಅವರು ಅವತ್ತು ಎತ್ತಲಿಲ್ಲ. ಮುಂದೆ ಎತ್ತಿದಾಗ ಕೊಟ್ರಮ್ಮ ಆಗದು ಅಂದರು, ಅಷ್ಟಕ್ಕೆ ಮುಗಿಯಿತು.

ಆದರೆ ನಿಜ ಹೇಳಿದ್ದಕ್ಕೆ ಕೊಟ್ರಮ್ಮ ತೆತ್ತದ್ದು ಏನು ಅಂತ ನನಗೆ ಗೊತ್ತಾದದ್ದು ಆಮೇಲೆ. ಸಂತೆಯ ಸಂಜೆ ನಾನೂ ಅವರ ನಡುಮನೆಗೆ ಹೋಗಿ ಕೂರುತ್ತಿದ್ದೆ. ಈಗ ಎಲ್ಲರಿಗೂ ಗೊತ್ತಿದ್ದದ್ದರಿಂದ ಕೊಟ್ರಮ್ಮ ಎರಡೂ ಕೈಯನ್ನು ಮಡಿಲ ಮೇಲೆ ಇಟ್ಟುಕೊಂಡು, ಕಾಯಿ ನಡೆಸುವಾಗ ಮನೆಗಳನ್ನು ಬಾಯಿಬಿಟ್ಟು ಎಣಿಸುತ್ತಾ ಆಡುತ್ತಿದ್ದರು. ಸೋಲಲೂ ಇಲ್ಲ, ಅವರಿಗೆ ಗರ ಚೆನ್ನಾಗಿ ಬೀಳುತ್ತಿತ್ತು. ಗೆದ್ದಾಗಲೂ ಮುಖದಲ್ಲಿ ಒಂದು ಕಿಡಿಯಿಲ್ಲ. "ಊರ ನ್ಯಾಯ ಮಾಡೋಕೆ ಹೋಗಿ ನಮ್ಮ ಮನೇಲಿ ಕತ್ತಲೆ ಮಾಡಿಕೊಂಡೆ," ಅಂತ ಹಾಲಮ್ಮ ಸಿಡುಕಿ ಕಂದೀಲು ಹಚ್ಚಿಡುತ್ತಿದ್ದರು. ಕೊಟ್ರಮ್ಮ ಊಟ ಕಡಿಮೆ ಮಾಡಿದರು. ಗಾಣದ ಹತ್ತಿರ ನಿಂತವರು ಏನೋ ಕಳೆದುಕೊಂಡವರ ಹಾಗೆ ನಿಂತೇ ಇರುತ್ತಿದ್ದರು. ವಿರೂಪಣ್ಣ ಮೊದಮೊದಲು ಅವರ ಬೆರಳನ್ನು ಹದ್ದಿನ ಹಾಗೆ ಕಾಯುತ್ತಿದ್ದವರು, ಬರಬರುತ್ತಾ ಬೆರಳು ಬಿಟ್ಟು ಮುಖವನ್ನೇ ನೋಡತೊಡಗಿದರು. ನೋಡಿ ನೋಡಿ ಅವರ ಹೊಳಪೂ ಕುಂದಿತು. ಒಗ್ಗರಣೆಯ ಸದ್ದಿಗೂ ತಿರುಗಿ ನೋಡುತ್ತಿರಲಿಲ್ಲ.

ಒಂದು ಸಂಜೆ ಆಟ ನಡುವಿಗೆ ಬಂದಿತ್ತು. ವಿರೂಪಣ್ಣನ ಬಳೆಚೂರು ಇನ್ನೊಂದು ಗರಕ್ಕೆ ಹಣ್ಣಾಗುವುದರಲ್ಲಿತ್ತು. ಆ ಒಂದಾಟ ಗೆದ್ದರೆ ತೀರ್ಪು ಮುಗಿಯುತ್ತಿತ್ತು, ಅವರು ಮತ್ತೆ ಈ ಮನೆಗೆ ಬರಬೇಕಾಗಿರಲಿಲ್ಲ. ಅವರು ಕವಡೆ ಕೈಗೆ ತಗೊಂಡರು, ಮತ್ತೆ ಕೆಳಗಿಟ್ಟರು. ಕಂದೀಲಿನ ಬತ್ತಿಯನ್ನು ಸಣ್ಣ ಮಾಡಿ ಗೋಡೆಯ ಮೂಲೆಗೆ ಸರಿಸಿದರು. "ಕಣ್ಣಿಗೆ ಚುಚ್ಚುತ್ತೆ," ಅಂದರು ಯಾರೂ ಕೇಳದಿದ್ದರೂ. ಆಮೇಲೆ ಕತ್ತು ಹಿಂದಕ್ಕೆ ಚಾಚಿ ಮಾಡಿನ ಕಡೆ ನೋಡುತ್ತಾ, "ಈ ಜಂತಿಗಳು ಸಾಗವಾನಿಯವಾ ಅಮ್ಮ? ಒಳ್ಳೇ ಮರ. ಒಂದು, ಎರಡು..." ಅಂತ ಎಣಿಸತೊಡಗಿದರು.

ಕೊಟ್ರಮ್ಮ ಅವರ ಗಂಟಲನ್ನೇ ನೋಡಿದರು. ಹಾಲಮ್ಮ ನನ್ನ ಮೊಣಕೈ ತಿವಿದರು. ಬಹಳ ಹೊತ್ತಿನವರೆಗೂ ಏನೂ ಆಗಲಿಲ್ಲ. ಆಮೇಲೆ ನಡುಮನೆಯ ಗೋಡೆಗಳು ಮೆಲ್ಲಗೆ ಕಾಣತೊಡಗಿದವು: ಮೊದಲು ಗೂಡು, ಆಮೇಲೆ ಗೂಡಿನಲ್ಲಿದ್ದ ಕುಂಕುಮದ ಬಟ್ಟಲು, ಆಮೇಲೆ ಜಂತಿಯ ಮೇಲಿನ ಜೇಡರ ಬಲೆಯ ಒಂದೊಂದು ಎಳೆ.

ವಿರೂಪಣ್ಣ ಕತ್ತು ಇಳಿಸಲಿಲ್ಲ. "ಆಯ್ತಾ ಅಮ್ಮ?" ಅಂದರು.

"ಇನ್ನೊಂದು ಮನೆ," ಅಂದರು ಕೊಟ್ರಮ್ಮ, "ತಡಿ."